ಅಜ್ಜಿಯ ಗೋಡೆ ಇದ್ದ ಕಂಪ್ಯೂಟರ್

“ಮುಟ್ಬೇಡಿ! ಯಾರೂ ಏನೂ ಮುಟ್ಬೇಡಿ!”

ಸೌಜನ್ಯ ಟೀಚರ್ ಅಷ್ಟು ಜೋರಾಗಿ ಕೂಗಿದ್ದನ್ನು ಆರನೇ ಕ್ಲಾಸಿನವರು ಕೇಳಿದ್ದು ಇದೇ ಮೊದಲು. ಕ್ಲಾಸಿಗೆ ಕೇರೆಹಾವು ಬಂದ ದಿನವೂ ಅವರು ಕೂಗಿರಲಿಲ್ಲ. “ಎಲ್ಲ ಬೆಂಚಿನ ಮೇಲೆ ಕಾಲಿಟ್ಕೊಳ್ರಪ್ಪಾ” ಎಂದು ಮೆತ್ತಗೆ ಹೇಳಿ, ತಾವೂ ಕುರ್ಚಿ ಹತ್ತಿ ನಿಂತಿದ್ದರು.

ಲಿಖಿತಾ ಮೌಸಿನ ಮೇಲಿಂದ ಕೈ ತೆಗೆದಳು.

ಸ್ಕ್ರೀನಿನ ತುಂಬ ಕೆಂಪು. ದಿನಾ ಬೆಳಗ್ಗೆ ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಕಾಣುತ್ತಿದ್ದ ಪೆಂಗ್ವಿನ್ ಚಿತ್ರ ಎಲ್ಲಿ ಹೋಯಿತೋ! ಅದರ ಜಾಗದಲ್ಲಿ ಒಂದು ದೊಡ್ಡ ಬೀಗ. ಬೀಗದ ಕೆಳಗೆ ಇಂಗ್ಲಿಷಿನಲ್ಲಿ ಏಳೆಂಟು ಸಾಲು.

“ಎಂತ ಬರ್ದಿದೆ ಟೀಚರ್?” ಎಂದ ನಿರಂಜನ, ಹಿಂದಿನಿಂದ ಕತ್ತು ಚಾಚಿ.

ಟೀಚರ್ ಒಂದು ಸಲ ಓದಿದರು. ಕನ್ನಡಕ ಒರೆಸಿ ಇನ್ನೊಂದು ಸಲ ಓದಿದರು. “ನಿಮ್ಮ ಫೈಲಿಗೆಲ್ಲ ಬೀಗ ಹಾಕಿದೀವಿ, ಬೀಗದ ಕೈ ಬೇಕಾದ್ರೆ ದುಡ್ಡು ಕಳ್ಸಿ ಅಂತ ಬರ್ದಿದೆ” ಎಂದರು. ಅವರ ದನಿ ಈಗ ಸಣ್ಣಗಾಗಿತ್ತು.

“ವೈರಸ್ಸು!” ಎಂದ ನಿರಂಜನ.

“ಸುಮ್ನಿರೋ!” ಲಿಖಿತಾ ತಿರುಗಿ ರೇಗಿದಳು. “ಇದು ಪೆಂಗ್ವಿನ್ ಕಂಪ್ಯೂಟ್ರು. ಇದಕ್ಕೆ ವೈರಸ್ ಬರಲ್ಲ.”

ಹಾಗೆ ಹೇಳಿದ್ದೇನೋ ಹೇಳಿದಳು. ಆದರೆ ‘ಚಿತ್ತಾರ’ ಎಂಬ ಫೋಲ್ಡರನ್ನು ಟೀಚರ್ ತೆರೆದಾಗ ಅವಳು ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿದಳು. ಅಲ್ಲಿ ನಲವತ್ತಾರು ಫೋಟೋ ಇರಬೇಕಿತ್ತು. ನಲವತ್ತಾರೂ ಇದ್ದವು, ಆದರೆ ಹೆಸರುಗಳೆಲ್ಲ ಅಡ್ಡಾದಿಡ್ಡಿಯಾಗಿದ್ದವು. ಯಾವುದನ್ನು ಒತ್ತಿದರೂ ಅದೇ ಕೆಂಪು, ಅದೇ ಬೀಗ.

ಆ ನಲವತ್ತಾರು ಫೋಟೋಗಳಲ್ಲಿ ಇದ್ದದ್ದು ಲಿಖಿತಾಳ ಅಜ್ಜಿಯ ಗೋಡೆ. ಆ ಗೋಡೆ ಈಗ ಬೇರೆಲ್ಲೂ ಇರಲಿಲ್ಲ.

ಹುಣಸೆಕೊಪ್ಪದ ಶಾಲೆಗೆ ಈ ಕಂಪ್ಯೂಟರ್ ಬಂದು ಒಂದೂವರೆ ವರ್ಷವಾಗಿತ್ತು. ಯಾರೋ ಪುಣ್ಯಾತ್ಮರು ಬಳಸಿ ಬಿಟ್ಟ ಹಳೆಯ ಪೆಟ್ಟಿಗೆ ಅದು. ಸಾಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ರಾಜೇಂದ್ರ ಅವರು ಬಂದು, ಅದರೊಳಗಿದ್ದ ಹಳೆಯದನ್ನೆಲ್ಲ ತೆಗೆದು, ಲಿನಕ್ಸ್ ಎಂಬುದನ್ನು ಹಾಕಿಕೊಟ್ಟಿದ್ದರು. ಹೋಗುವಾಗ ಲಿನಕ್ಸಿನ ಗುರುತಾದ ಒಂದು ಪೆಂಗ್ವಿನ್ ಸ್ಟಿಕ್ಕರನ್ನೂ ಮೇಲೆ ಅಂಟಿಸಿದ್ದರು.

ಆ ಕಂಪ್ಯೂಟರಿಗೆ ಸಿಕ್ಕಿದ ಆರೈಕೆ ಮನೆಯ ಸಣ್ಣ ಮಗುವಿಗೂ ಸಿಕ್ಕಿರಲಿಕ್ಕಿಲ್ಲ. ಮಳೆಗಾಲದಲ್ಲಿ ಬೂಸ್ಟು ಹಿಡಿಯದಿರಲೆಂದು ಶಾಲೆ ಬಿಟ್ಟ ಮೇಲೆ ಅದನ್ನಿಡುವ ಮರದ ಬೀರುವಿನೊಳಗೆ ಹಗಲೆಲ್ಲ ಒಂದು ಸಣ್ಣ ಬಲ್ಬು ಉರಿಯುತ್ತಿತ್ತು. ಇರುವೆ ಬರದಂತೆ ಮೇಜಿನ ನಾಲ್ಕೂ ಕಾಲಿಗೆ ಇರುವೆ ಚಾಕಿನ ಗೆರೆ. ದೂರದಲ್ಲಿ ಎಲ್ಲೋ ಗುಡುಗು ಗುಡುಗುಡು ಎಂದರೆ ಸಾಕು, ಲಿಖಿತಾ ಪಾಠ ಬಿಟ್ಟು ಓಡಿ ಪ್ಲಗ್ ಕೀಳಬೇಕು. ಏಕೆಂದರೆ ಅವಳು ಕಂಪ್ಯೂಟರ್ ಲೀಡರ್.

ಪೆನ್‌ಡ್ರೈವಿನದು ಇನ್ನೊಂದು ಕತೆ. ಕಂಪ್ಯೂಟರಿನಲ್ಲಿ ಇರುವುದೆಲ್ಲ ಇನ್ನೊಂದು ಕಡೆಯೂ ಇರಲಿ ಎಂದು ಟೀಚರ್ ಒಂದು ಪೆನ್‌ಡ್ರೈವ್ ತಂದಿದ್ದರು. ಅದು ಮೂರು ಸಲ ಕಳೆದುಹೋಯಿತು. ಮೂರನೇ ಸಲ ಬಿಸಿಯೂಟದ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ಅಲ್ಲಿಗೆ ಯಾರು ಹಾಕಿದರೋ, ಇವತ್ತಿಗೂ ಗೊತ್ತಿಲ್ಲ. ಆಮೇಲೆ ಟೀಚರ್ ಅದನ್ನು ಕಂಪ್ಯೂಟರಿಗೇ ಸಿಕ್ಕಿಸಿ, ಒಂದು ದಾರದಿಂದ ಗಟ್ಟಿಯಾಗಿ ಕಟ್ಟಿಬಿಟ್ಟರು. “ಇನ್ನೆಲ್ಲಿಗೆ ಹೋಗುತ್ತೆ ನೋಡೋಣ” ಎಂದಿದ್ದರು.

ಮಧ್ಯಾಹ್ನದ ಊಟದ ಹೊತ್ತಿಗೆ ರಾಜೇಂದ್ರ ಬಂದರು. ಹೊಸನಗರದಲ್ಲಿ ಪ್ರಿಂಟರ್ ರಿಪೇರಿಗೆ ಹೋಗಿದ್ದವರು ಟೀಚರ್ ಫೋನ್ ಮಾಡಿದ್ದೇ ಬೈಕ್ ಹತ್ತಿದ್ದರು. ಹೆಲ್ಮೆಟ್ಟನ್ನೂ ತೆಗೆಯದೆ ಕಂಪ್ಯೂಟರ್ ಮುಂದೆ ಕೂತರು.

ಮಕ್ಕಳೆಲ್ಲ ಬಾಗಿಲಲ್ಲಿ ಗುಂಪುಗೂಡಿದರು. ಯಾರ ತಟ್ಟೆಯಲ್ಲೂ ಅನ್ನ ಖಾಲಿಯಾಗಿರಲಿಲ್ಲ.

“ಇದಕ್ಕೆ ವೈರಸ್ ಬರಲ್ಲ ಅಲ್ವಾ ಸರ್?” ಎಂದು ಲಿಖಿತಾ ಕೇಳಿದಳು. ಹೌದು ಎನ್ನಲಿ ಎಂದು ಅವಳು ಎರಡೂ ಕೈಯ ಬೆರಳು ಬಿಗಿಹಿಡಿದಿದ್ದಳು.

“ಬರಲ್ಲ ಅಂತ ಯಾರಮ್ಮಾ ಹೇಳಿದ್ದು?”

“ನೀವೇ ಸರ್.”

ರಾಜೇಂದ್ರ ಈಗ ಹೆಲ್ಮೆಟ್ ತೆಗೆದರು. “ಕಮ್ಮಿ ಬರುತ್ತೆ ಅಂದಿದ್ದೆ.”

“ಇಲ್ಲ ಸರ್. ‘ಬರಲ್ವೇ ಬರಲ್ಲ, ಆರಾಮಾಗಿರಿ’ ಅಂದಿದ್ರಿ” ಎಂದು ನಿರಂಜನ, ಇನ್ನೂ ನಾಲ್ಕು ಮಕ್ಕಳು ಒಟ್ಟಿಗೇ ಹೇಳಿದರು.

ರಾಜೇಂದ್ರ ಅವರ ಕಿವಿ ಕೆಂಪಾಯಿತು. “ಅಂದಿರ್ಬೇಕು. ತಪ್ಪಾಯ್ತು” ಎಂದರು. ದೊಡ್ಡವರು ಹಾಗೆ ಎಲ್ಲರ ಮುಂದೆ ತಪ್ಪಾಯ್ತು ಎನ್ನುವುದನ್ನು ಮಕ್ಕಳು ನೋಡಿರಲಿಲ್ಲ.

“ನೋಡ್ರೋ, ಜೇಬುಗಳ್ಳರು ಜಾಸ್ತಿ ಎಲ್ಲಿಗೆ ಹೋಗ್ತಾರೆ? ಜನ ತುಂಬಿರೋ ಸಂತೆಗೆ. ಹಂಗಂತ ನಿಮ್ಮೂರಿನ ದಾರಿ ಅವ್ರಿಗೆ ಗೊತ್ತಿಲ್ಲ ಅಂತ ಅಲ್ಲ. ಪೆಂಗ್ವಿನ್ ಕಂಪ್ಯೂಟ್ರು ಇಟ್ಕೊಂಡೋರು ಕಮ್ಮಿ, ಅದಕ್ಕೇ ಇಲ್ಲಿಗೆ ಬರೋ ಕಳ್ರೂ ಕಮ್ಮಿ ಅಷ್ಟೆ. ಬಂದ್ರೆ, ಬಾಗ್ಲು ತೆಗ್ದು ಇಟ್ಕೊಂಡಿರೋ ಮನೆ ಅವ್ರಿಗೆ ಇನ್ನೂ ಸಲೀಸು.”

“ಪೆನ್‌ಡ್ರೈವಲ್ಲಿ ಎಲ್ಲ ಇದೆ ಸರ್” ಎಂದು ಟೀಚರ್ ಆಸೆಯಿಂದ ಹೇಳಿದರು.

ರಾಜೇಂದ್ರ ದಾರ ಹಿಡಿದು ಎಳೆದರು. ದಾರದ ತುದಿಯಲ್ಲಿ ಪೆನ್‌ಡ್ರೈವ್ ಬಂತು. ಅದನ್ನು ತಮ್ಮ ಲ್ಯಾಪ್‌ಟಾಪಿಗೆ ಹಾಕಿ ನೋಡಿ ಬೇಸರದಿಂದ ತಲೆಯಾಡಿಸಿದರು.

“ಮನೆ ಬೀಗದ ಕೈನ ಬಾಗ್ಲಿಗೇ ನೇತು ಹಾಕಿದಂಗಾಯ್ತು ಟೀಚರ್. ಕಂಪ್ಯೂಟ್ರಿಗೆ ನುಗ್ಗಿದವನು ಇದಕ್ಕೂ ನುಗ್ಗಿದಾನೆ.”

ಟೀಚರ್ ಮೇಜು ಹಿಡಿದು ಕೂತುಬಿಟ್ಟರು. ಲಿಖಿತಾ ತಮ್ಮ ಫೋನಿನಲ್ಲಿ ತೆಗೆದಿದ್ದ ಫೋಟೋಗಳನ್ನು ಜಾಗ ಸಾಲದೆ ಎರಡು ವಾರದ ಹಿಂದೆಯೇ ಅಳಿಸಿದ್ದರು. ಕಂಪ್ಯೂಟರಿನಲ್ಲಿ ಇದೆಯಲ್ಲ ಎಂದು.

“ಇದು ತಾನಾಗೇ ಒಳಗೆ ಬರೋ ಅಂಥದ್ದಲ್ಲ. ಯಾರೋ ಒಳಗೆ ಕರ್ದಿದಾರೆ” ಎಂದರು ರಾಜೇಂದ್ರ. “ಪಾಸ್‌ವರ್ಡ್ ಯಾರಿಗೆ ಗೊತ್ತು?”

“ಎಲ್ಲರಿಗೂ ಸರ್!” ಎಂದು ಮಕ್ಕಳು ಕಪ್ಪುಹಲಗೆಯ ಮೂಲೆಯನ್ನು ತೋರಿಸಿದರು. ಅಲ್ಲಿ ಟೀಚರ್ ಬಣ್ಣದ ಚಾಕಿನಲ್ಲಿ ಬರೆದು, ಸುತ್ತ ಚೌಕ ಎಳೆದು, ‘ಅಳಿಸಬೇಡಿ’ ಎಂದೂ ಬರೆದಿದ್ದರು.

ರಾಜೇಂದ್ರ ಹಣೆ ಚಚ್ಚಿಕೊಂಡರು. “ಈ ಎರಡ್ಮೂರು ದಿನದಲ್ಲಿ ಯಾರಾದ್ರೂ ಹೊಸದು ಏನಾದ್ರೂ ಹಾಕಿದ್ರಾ?”

ಎಲ್ಲರ ಕಣ್ಣು ನಿರಂಜನನ ಕಡೆಗೆ ಹೋಯಿತು. ಸೋಮವಾರ ಅವನು ಕದ್ದು ಕಾರ್ ಗೇಮ್ ಆಡಿ ಸಿಕ್ಕಿಬಿದ್ದದ್ದು ಶಾಲೆಗೆಲ್ಲ ಗೊತ್ತಿತ್ತು.

“ನಾನಲ್ಲ ಟೀಚರ್! ಗೇಮ್ ಆಡಿದ್ದು ಹೌದು. ಹೊಸದು ಎಂತದೂ ಹಾಕಿಲ್ಲ. ದೇವ್ರಾಣೆ, ಚೌಡಮ್ಮನಾಣೆ!” ಅವನ ಕಣ್ಣಲ್ಲಿ ನೀರು ತುಂಬಿತು.

ಆಗ ಲಿಖಿತಾಳಿಗೆ ನೆನಪಾಯಿತು. ಸಿಡಿಲು ಹೊಡೆದ ಹಾಗೆ ನೆನಪಾಯಿತು.

ಸೋಮವಾರ ಮಧ್ಯಾಹ್ನ. ಶುಕ್ರವಾರ ಸಾಗರದಲ್ಲಿ ಶಾಲೆಗಳ ಪ್ರಾಜೆಕ್ಟ್ ಪ್ರದರ್ಶನ. ತೀರ್ಥಹಳ್ಳಿ, ಹೊಸನಗರದ ಶಾಲೆಗಳವರೂ ಬರುತ್ತಾರೆ. ಅಜ್ಜಿಯ ಚಿತ್ತಾರದ ಫೋಟೋಗಳಿಗೆ ಒಂದು ಚಂದದ ಮುಖಪುಟ ಮಾಡಬೇಕು ಎಂದು ಲಿಖಿತಾ ಗೆರೆ ಎಳೆಯುವ ಒಂದು ಆ್ಯಪ್ ಹುಡುಕಿದಳು. ಒಂದು ಪೇಜಿನಲ್ಲಿ ಸಿಕ್ಕಿತು. ‘ಫ್ರೀ’ ಎಂದು ಹಸಿರು ಬಣ್ಣದಲ್ಲಿ ಬರೆದಿತ್ತು. ಈ ಸಾಲನ್ನು ಕಾಪಿ ಮಾಡಿ ಕಂಪ್ಯೂಟರಿಗೆ ಅಪ್ಪಣೆ ಕೊಡುವ ಕಪ್ಪು ವಿಂಡೋದಲ್ಲಿ ಹಾಕಿ ಎಂದಿತ್ತು. ಹಾಕಿದಳು. ಆ ಸಾಲಿನ ಒಂದಕ್ಷರವೂ ಅವಳಿಗೆ ಅರ್ಥವಾಗಿರಲಿಲ್ಲ. ಕಂಪ್ಯೂಟರ್ ಪಾಸ್‌ವರ್ಡ್ ಕೇಳಿತು. ವೈರಸ್ಸಂತೂ ಬರಲ್ಲ, ಮತ್ತೆಂತ ಹೆದರಿಕೆ ಎಂದುಕೊಂಡು ಕಪ್ಪುಹಲಗೆ ಕಡೆ ನೋಡದೆಯೇ ಟಕಟಕ ಒತ್ತಿದಳು. ಆ್ಯಪ್ ಬರಲೇ ಇಲ್ಲ. ಅಷ್ಟರಲ್ಲಿ ಬೆಲ್ ಹೊಡೆಯಿತು, ಅವಳು ಮರೆತೂಬಿಟ್ಟಳು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ನಿರಂಜನನಿಗೆ ಬೈಗುಳ ಹೊಸದೇನೂ ಅಲ್ಲ. ಈ ಯೋಚನೆ ಬಂದದ್ದಕ್ಕೇ ಲಿಖಿತಾಳಿಗೆ ತನ್ನ ಮೇಲೆ ನಾಚಿಕೆಯಾಯಿತು.

“ಸರ್... ನಾನು” ಎಂದಳು.

ಯಾರಿಗೂ ಕೇಳಿಸಲಿಲ್ಲ.

“ನಾನು ಹಾಕಿದ್ದು ಸರ್!”

ಟೀಚರ್ ಬಾಯಿ ತೆರೆದವರು ಹಾಗೇ ಉಳಿದರು. ಬೇರೆ ಯಾರು ಹೇಳಿದ್ದರೂ ಅವರಿಗೆ ಅಷ್ಟು ಆಘಾತವಾಗುತ್ತಿರಲಿಲ್ಲ. ಗುಡುಗಿಗೆ ಮೊದಲೇ ಓಡಿಹೋಗಿ ಪ್ಲಗ್ ಕೀಳುವ ಲಿಖಿತಾ! ಹುಡುಗಿ ಅಳುತ್ತ ಅಳುತ್ತ ಸೋಮವಾರದ ಕತೆಯನ್ನೆಲ್ಲ ಹೇಳಿದಳು. ರಾಜೇಂದ್ರ ಬೈಯಲಿಲ್ಲ. ಕಂಪ್ಯೂಟರಿನ ಪೆಟ್ಟಿಗೆಯನ್ನು ಬೈಕಿನ ಹಿಂದೆ ಕಟ್ಟಿಕೊಂಡರು.

“ದುಡ್ಡು ಕಳ್ಸೋದು ಬೇಡ. ಕಳ್ಸಿದ್ರೂ ಬೀಗದ ಕೈ ಕೊಡ್ತಾರೆ ಅನ್ನೋ ನಂಬ್ಕೆ ಇಲ್ಲ. ಪೊಲೀಸ್ ಕಂಪ್ಲೇಂಟ್ ಕೊಡೋಣ. ನಾನೂ ನೋಡ್ತೀನಿ” ಎಂದರು. ಆಮೇಲೆ ಲಿಖಿತಾಳ ಮುಖ ನೋಡಿ, “ಆದ್ರೆ ಆಸೆ ಇಟ್ಕೋಬೇಡ ಮರಿ” ಎಂದು ಸೇರಿಸಿದರು.

ನಿರಂಜನ ಅವಳ ಹತ್ತಿರ ಬಂದು ನಿಂತ. ತನ್ನ ತಟ್ಟೆಯಲ್ಲಿದ್ದ ಮೊಟ್ಟೆಯನ್ನು ಅವಳ ತಟ್ಟೆಗೆ ಹಾಕಿ ಹೋದ.

ಮನೆಗೆ ಹೋಗುವ ದಾರಿ ಅಂದು ಯಾಕೋ ಬೇಗ ಮುಗಿಯಿತು.

ಅಜ್ಜಿ ಕೆರಿಯಮ್ಮ ಜಗುಲಿಯಲ್ಲಿ ಕೂತು ಪುಂಡಿ ನಾರನ್ನು ಬಿಡಿಸುತ್ತಿದ್ದರು. ಚಿತ್ತಾರ ಬರೆಯುವ ಬ್ರಷ್ ಆಗುವುದು ಆ ನಾರಿನಿಂದಲೇ. ಈಗ ಅಜ್ಜಿಯ ಕಣ್ಣು ಮಂಜು, ಕೈ ನಡುಗುತ್ತದೆ. ಬರೆಯುವುದನ್ನು ಬಿಟ್ಟು ಆರೇಳು ವರ್ಷವಾಯಿತು. ಆದರೂ ನಾರು ಬಿಡಿಸುವುದನ್ನು ಬಿಟ್ಟಿಲ್ಲ.

ಅಪ್ಪನ ಮದುವೆಯಲ್ಲಿ ಅಜ್ಜಿ ನಡುಮನೆಯ ಮಣ್ಣಿನ ಗೋಡೆಯ ಮೇಲೆ ದೊಡ್ಡ ಹಸೆ ಚಿತ್ತಾರ ಬರೆದಿದ್ದರು. ಕೆಮ್ಮಣ್ಣು ಸಾರಿಸಿದ ಗೋಡೆಗೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳು. ಅದನ್ನು ಅವರು ತಮ್ಮ ಅತ್ತೆಯಿಂದ ಕಲಿತದ್ದು, ಆ ಅತ್ತೆ ತಮ್ಮ ಅತ್ತೆಯಿಂದ. ಗೋಡೆ ಬಿರುಕುಬಿಟ್ಟು ವಾಲಿತ್ತು. ಒಡೆದು ಸಿಮೆಂಟ್ ಗೋಡೆ ಕಟ್ಟಬೇಕು ಎಂದು ಅಪ್ಪ ಸುರೇಂದ್ರ ಎರಡು ವರ್ಷದಿಂದ ಹೇಳುತ್ತಿದ್ದರು. ಅಜ್ಜಿ ಒಪ್ಪಿರಲಿಲ್ಲ.

ಒಪ್ಪಿಸಿದವಳು ಲಿಖಿತಾ.

“ಫೋಟೋ ಹಾಳಾಗಲ್ಲಾ ಅಲ್ದನೇ? ಒಡೀಬೋದಾ ಹಂಗಾರೆ?” ಎಂದು ಹೋದ ತಿಂಗಳು ಅಜ್ಜಿ ಕೇಳಿದ್ದರು. ಅಪ್ಪನನ್ನಲ್ಲ, ಟೀಚರನ್ನಲ್ಲ, ಅವಳನ್ನೇ ಕೇಳಿದ್ದರು.

“ಹೂಂ ಅಜ್ಜಿ, ಒಡೀಬೋದು. ನಮ್ ಸ್ಕೂಲ್ ಕಂಪ್ಯೂಟ್ರಿಗೆ ಏನೂ ಆಗಲ್ಲ” ಎಂದು ಲಿಖಿತಾ ಟಿವಿ ನೋಡುತ್ತಲೇ ಹೇಳಿದ್ದಳು.

“ಬಂದ್ಯಾ ಮಗಾ? ಫೋಟೋ ಪ್ರಿಂಟ್ ತರ್ತೀನಿ ಅಂದಿದ್ಯಲ್ಲ, ತಂದ್ಯಾ? ಎಲ್ಲಿ ಕೊಡು, ಬೆಳಕಿಗೆ ಹಿಡ್ದು ನೋಡ್ತೀನಿ” ಎಂದು ಅಜ್ಜಿ ಈಗ ಜಗುಲಿಯಲ್ಲಿ ಕೂತಲ್ಲಿಂದಲೇ ಕೈಚಾಚಿದರು.

ಲಿಖಿತಾ ಬ್ಯಾಗನ್ನೂ ಇಳಿಸದೆ ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಕೆಂಪು ಸ್ಕ್ರೀನು, ಬೀಗ, ಪೆನ್‌ಡ್ರೈವು, ಸೋಮವಾರ.

ಅಜ್ಜಿಗೆ ಮೊದಲು ಅರ್ಥವೇ ಆಗಲಿಲ್ಲ. “ಒಂದೂ ಇಲ್ವಾ?” ಎಂದರು. “ಅಷ್ಟೂ ತೆಗ್ದಿದ್ರಲ್ಲೇ. ಒಂದೂ?”

“ಒಂದೂ ಇಲ್ಲ ಅಜ್ಜಿ.”

ಅಜ್ಜಿಯ ಕೈಯಿಂದ ನಾರು ಜಾರಿತು. ಅವರು ಎದ್ದು ನಡುಮನೆಗೆ ಹೋದರು. ಹೊಸ ಸಿಮೆಂಟ್ ಗೋಡೆ ಬೆಳಗ್ಗೆ ಹೊಡೆದ ನೀರಿನಿಂದ ಇನ್ನೂ ಒದ್ದೆಯಾಗಿತ್ತು. ಅದರ ಮೇಲೆ ಎರಡೂ ಅಂಗೈ ಇಟ್ಟು, ಏನನ್ನೋ ಹುಡುಕುವವರ ಹಾಗೆ ಮೇಲೆ ಕೆಳಗೆ ಸವರಿದರು. ಅಜ್ಜಿ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನ್ನಿಸಿತು ಲಿಖಿತಾಳಿಗೆ.

ಅಜ್ಜಿ ಗೋಡೆಯಿಂದ ಕೈ ತೆಗೆದು ಕೇಳಿದರು. “ಆ ಕಳ್ಳ, ಬೀಗ ಒಡ್ಕೊಂಡು ಬಂದ್ನನೇ?”

“ಇಲ್ಲ ಅಜ್ಜಿ. ಕಂಪ್ಯೂಟ್ರು ಪಾಸ್‌ವರ್ಡ್ ಕೇಳ್ತು. ನಾನೇ ಕೊಟ್ಟೆ.”

“ಕೇಳ್ತಾ? ಕೇಳಿದ್ಮೇಲೆ, ಯಾರಿಗೆ, ಎಂತಕ್ಕೆ ಅಂತ ನೀ ನೋಡ್ಲಿಲ್ವಾ?”

“ಇಲ್ಲ.”

ಅಜ್ಜಿ ತಲೆಯಾಡಿಸಿದರು. “ನಾನೂ ನಿನ್ನ ಕೇಳಿದ್ದೆ” ಎಂದರು, ಅಷ್ಟೆ.

ಲಿಖಿತಾ ಗೋಡೆಗೊರಗಿ ಕೂತು, ಮೊಣಕಾಲ ನಡುವೆ ಮುಖ ಹುದುಗಿಸಿಕೊಂಡು ಅತ್ತಳು.

ಸಂಜೆ ಅಪ್ಪ ಬಂದರು. ಸುದ್ದಿ ಕೇಳಿ ಅವರೂ ದಂಗಾಗಿ ನಿಂತರು. ಆಮೇಲೆ ಏನೋ ಹೊಳೆದವರಂತೆ ಫೋನ್ ತೆಗೆದು ಬೆರಳಿನಿಂದ ಮೇಲಕ್ಕೆ, ಮೇಲಕ್ಕೆ ಸರಿಸಿದರು.

“ಫೋಟೋ ತೆಗ್ದ ದಿನಾನೇ ಟೀಚರ್ ನಂಗೊಂದು ವಾಟ್ಸಾಪ್ ಮಾಡಿದ್ರು ಕಣೇ. ಇಲ್ನೋಡು!”

ಫೋಟೋ ಇತ್ತು! ಅಜ್ಜಿ, ಮೊಮ್ಮಗಳು ಇಬ್ಬರೂ ಫೋನಿನ ಮೇಲೆ ಮುಗಿಬಿದ್ದರು. ಫೋಟೋದ ಮಧ್ಯದಲ್ಲಿ ಲಿಖಿತಾ ಹಲ್ಲು ಕಿರಿದುಕೊಂಡು, ಎರಡು ಬೆರಳೆತ್ತಿ ನಿಂತಿದ್ದಳು. ಅವಳ ಎಡಕ್ಕೆ ಒಂಚೂರು, ಬಲಕ್ಕೆ ಒಂಚೂರು ಚಿತ್ತಾರ. ನಡುವಿನದೆಲ್ಲ ಅವಳ ಬೆನ್ನ ಹಿಂದೆ.

“ಒಂದು ಮಾರು ಆಚೆ ನಿಂತ್ಕಳಾಕೆ ಎಂತ ಆಗಿತ್ತೇ ನಿಂಗೆ!” ಎಂದರು ಅಜ್ಜಿ. ಹಾಗೆಂದವರು ಇದ್ದಕ್ಕಿದ್ದಂತೆ ನಕ್ಕುಬಿಟ್ಟರು. ಕಣ್ಣಲ್ಲಿ ನೀರಿತ್ತು, ಆದರೂ ನಗುತ್ತಿದ್ದರು. ಲಿಖಿತಾಳಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡರು. “ಸ್ಲೇಟು ತಾ” ಎಂದರು. “ನನ್ನ ಕೈ ನಡುಗ್ತದೆ. ನೀ ಎಳಿ, ನಾ ಹೇಳ್ತೀನಿ.”

ಅಪ್ಪ ಫೋನಿನಲ್ಲಿ ಫೋಟೋವನ್ನು ದೊಡ್ಡದು ಮಾಡಿ ಹಿಡಿದರು. ಅಜ್ಜಿ ಹೇಳಿದ ಹಾಗೆ ಲಿಖಿತಾ ಸುತ್ತಲಿನ ಅಂಚನ್ನು ಎಳೆದಳು. ಗೆರೆ ಸೊಟ್ಟಗಾದರೆ ಅಜ್ಜಿ ಅಂಗೈಯಿಂದ ಒರೆಸುತ್ತಿದ್ದರು. ನಾಲ್ಕು ಸಲ ಒರೆಸಿ ಐದನೇ ಸಲ ಅಂಚು ಮುಗಿಯಿತು. ನಡುವಿನ ಚೌಕಕ್ಕೆ ಬಂದಾಗ ಅಜ್ಜಿ ತಡೆದು ನಿಂತರು. ಫೋಟೋದಲ್ಲಿ ಅಲ್ಲಿ ಲಿಖಿತಾಳ ಹೊಟ್ಟೆ ಇತ್ತು.

“ಈ ಚೌಕಕ್ಕೆ ನಾಕು ಎಳೆ ಇತ್ತು. ನಾಕಾ ಐದಾ? ಮರ್ತೋಯ್ತಲ್ಲೇ” ಎಂದು ಅಜ್ಜಿ ಕಣ್ಣು ಮುಚ್ಚಿ ಬೆರಳನ್ನು ಗಾಳಿಯಲ್ಲಿ ಆಡಿಸಿದರು. “ನಾಕೇ ಇರ್ಬೇಕು. ನೀ ಅಷ್ಟು ಫೋಟೋ ತೆಗ್ದವ್ಳು, ನಿಂಗೆ ನೆನಪಿರ್ತದೆ. ನಾಕೇ ಅಲ್ದನೇ?”

ಲಿಖಿತಾಳ ಬಾಯಿ ‘ಹೂಂ’ ಎನ್ನಲು ತೆರೆಯಿತು. ಬಳಪ ಸ್ಲೇಟಿನ ಹತ್ತಿರ ಹೋಗಿಯೂ ಆಗಿತ್ತು.

ಅವಳು ಬಾಯಿ ಮುಚ್ಚಿದಳು. ಬಳಪವನ್ನು ಕೆಳಗಿಟ್ಟಳು.

“ಗೊತ್ತಿಲ್ಲ ಅಜ್ಜಿ. ಒಂಚೂರು ತಡಿ, ನೋಡ್ತೀನಿ.”

“ಎಲ್ಲಿ ನೋಡ್ತೀಯೇ?”

ಲಿಖಿತಾ ಆಗಲೇ ಹಿತ್ತಲಿಗೆ ಓಡಿಯಾಗಿತ್ತು. ಒಡೆದ ಗೋಡೆಯ ಮಣ್ಣನ್ನು ಬಾಳೆಗಿಡದ ಬುಡದಲ್ಲಿ ರಾಶಿ ಹಾಕಿದ್ದರು. ಇನ್ನೂ ಮಳೆ ಹಿಡಿದಿರಲಿಲ್ಲ, ಹೆಂಟೆಗಳು ಕರಗಿರಲಿಲ್ಲ. ಅವಳು ಒಂದೊಂದನ್ನೇ ಎತ್ತಿ ತಿರುಗಿಸಿದಳು. ಬರೀ ಮಣ್ಣು. ಇನ್ನೊಂದು, ಅದೂ ಮಣ್ಣು. ಉಗುರಿನ ಸಂದಿಯೆಲ್ಲ ಕೆಂಪಾಯಿತು, ಯೂನಿಫಾರ್ಮ್ ಕೆಂಪಾಯಿತು. ಹೊತ್ತು ಮುಳುಗುವಷ್ಟರಲ್ಲಿ, ರಾಶಿಯ ಒಳಗಡೆ, ಅಂಗೈಯಗಲದ ಒಂದು ಹೆಂಟೆಯಲ್ಲಿ ಚೌಕದ ಮೂಲೆ ಸಿಕ್ಕಿತು. ಕೆಂಪಿನ ಮೇಲೆ ಸಣ್ಣ ಸಣ್ಣ ಬಿಳಿ ಗೆರೆಗಳು, ಒಂದರ ಪಕ್ಕ ಒಂದು.

ಉಸಿರು ತಾಗಿದರೂ ಎಲ್ಲಿ ಉದುರೀತೋ ಎಂದು ಹೆದರುತ್ತ, ಬೆರಳು ಮುಟ್ಟಿಸದೆ ಎಣಿಸಿದಳು. ಆಮೇಲೆ ಹೆಂಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ನಡುಮನೆಗೆ ತಂದಳು.

“ನಾಕಲ್ಲ ಅಜ್ಜಿ. ಐದು.”

ಅಜ್ಜಿ ಅವಳ ಕಡೆ ಮುಖ ಎತ್ತಿದರು.

“ಸರಿಯಾಗಿ ಎಣಿಸಿದ್ಯಾ?”

“ಎರಡು ಸಲ” ಎಂದಳು ಲಿಖಿತಾ. “ನೀನೂ ಒಂದ್ಸಲ ಎಣಿಸಜ್ಜಿ.”